ಕಿವುಡ ಮೇಯರ್‌ಗೆ ಎರಡು ಬಡಿತ

ನಾರಿಸ್ ಪಿಲಿಂಗ್ ತನ್ನ ಫೆರೆಟ್‌ಗೆ ಮೇಯರ್ ಎಂದು ಹೆಸರಿಟ್ಟಾಗ ಅದು ಕಿವುಡು ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ, ವಾರಗಟ್ಟಲೆ ಕೂತು ಯೋಚಿಸಿದ್ದರೂ ಇದಕ್ಕಿಂತ ಒಪ್ಪುವ ಹೆಸರು ಸಿಗುತ್ತಿರಲಿಲ್ಲ ಎಂದು ನಮ್ಮ ಆಲ್ಮಾ ಬೀದಿಯವರೆಲ್ಲ ಒಮ್ಮತದಿಂದ ಹೇಳಿದರು. ನಮ್ಮ ರೇಕ್‌ಡೆನ್ ಊರಿನ ಯಾವ ಮೇಯರೂ ಈ ಬೀದಿಯ ಮಾತನ್ನು ಇದುವರೆಗೆ ಕೇಳಿಸಿಕೊಂಡದ್ದಿಲ್ಲ.

ನಾನು ವಿನ್ನಿ ಕೆರ್ಶಾ. ಬೀದಿಯ ತುದಿಯಲ್ಲಿ ಮೀನು ಮತ್ತು ಚಿಪ್ಸ್ ಅಂಗಡಿ ನನ್ನದು. ನನ್ನ ಗಂಡ, ನಮ್ಮ ಬರ್ಟ್ ಇದ್ದಾಗ ಅವನು ಮೀನು ಕರಿಯುತ್ತಿದ್ದ, ನಾನು ಕಟ್ಟಿ ಕೊಡುತ್ತಿದ್ದೆ. ಈಗ ಎರಡೂ ನಾನೇ. ಅಂಗಡಿಯ ಹಿಂದೆಯೇ ಮನೆ. ನನ್ನ ಗೋಡೆಗೆ ಅಂಟಿಕೊಂಡು ನಾರಿಸ್‌ನ ಮನೆ, ಅವನ ಗೋಡೆಗೆ ಅಂಟಿಕೊಂಡು ಎಲ್ಸಿ ಟ್ಯಾಟರ್ಸಾಲ್ ಎಂಬ ಮುದುಕಿಯ ಮನೆ. ಗಿರಣಿಯವರು ಕೆಲಸಗಾರರಿಗೆಂದು ಕಟ್ಟಿಸಿದ ಸಾಲುಮನೆಗಳು ಇವು. ಒಂದು ಮನೆಯಲ್ಲಿ ಸೀನಿದರೆ ಪಕ್ಕದ ಮನೆಯವರು ದೇವರು ಕಾಯಲಿ ಎನ್ನಬೇಕು, ಅಷ್ಟು ತೆಳು ಗೋಡೆ.

ನಾರಿಸ್ ಬಸ್ ಕಂಡಕ್ಟರ್ ಆಗಿದ್ದವನು. ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿದರೆ ಮಹಡಿಯ ಮೇಲೆ ಮುಂದಿನ ಸೀಟಿನಲ್ಲಿ ಕೂತವನು ಬೆಚ್ಚಿ ಟಿಕೆಟ್ ತೆಗೆಯುತ್ತಿದ್ದ. ಆ ಗಂಟಲಿನ ಮುಂದೆ ಪೊದೆಯಂಥ ಮೀಸೆ. ನಿವೃತ್ತನಾದ ಮೇಲೆ ಹೆಂಡತಿ ಡೋರಿಸ್ ತೀರಿಕೊಂಡಳು. ಗುಡ್ಡದ ಮೇಲಿನ ಹೊಸ ಬಡಾವಣೆಯ ಮನೆ ಒಬ್ಬನಿಗೆ ದೊಡ್ಡದಾಯಿತು ಎಂದು ಇಲ್ಲಿಗೆ ಬಂದ. ಬಂದವನಿಗೆ ಕೂಗಿ ಹೇಳಲು ಯಾರೂ ಇರಲಿಲ್ಲ. ಅಭ್ಯಾಸ ಬಿಡುವುದುಂಟೇ? "ಮುಂದಿನ ನಿಲ್ದಾಣ ಅಡಿಗೆಮನೆ" ಎಂದು ತನಗೆ ತಾನೇ ಘೋಷಿಸಿಕೊಂಡು ಚಹಾ ಮಾಡಲು ಹೋಗುವುದು ನನ್ನ ಗೋಡೆಯ ಈಚೆಗೆ ಕೇಳಿಸುತ್ತಿತ್ತು. ಮೊದಮೊದಲು ನನಗೆ ನಗು ಬಂತು. ಚಳಿಗಾಲ ಬರುವ ಹೊತ್ತಿಗೆ ನಗು ನಿಂತಿತು.

ಆ ಚಳಿಗಾಲದಲ್ಲಿ ಗುರುವಾರದ ಸಂತೆಯಲ್ಲಿ ಅವನಿಗೆ ಫೆರೆಟ್ ಸಿಕ್ಕಿತು. ನೋಡಲು ಮುಂಗುಸಿಯ ಸೋದರಳಿಯ. ಉದ್ದನೆಯ ಮೈ, ಗಿಡ್ಡ ಕಾಲು, ಹಣೆಯಿಂದ ಕತ್ತಿನವರೆಗೆ ಒಂದು ಬಿಳಿ ಪಟ್ಟೆ. ನಮ್ಮ ಕಡೆ ಗಂಡಸರು ಮೊಲ ಹಿಡಿಯಲು ಫೆರೆಟ್ ಸಾಕುತ್ತಾರೆ, ಅದರಲ್ಲಿ ಹೊಸದೇನಿಲ್ಲ. ಮಾರಿದ ರೈತ, ಇದು ಕೋವಿ ಹಾರಿಸಿದರೂ ಕಣ್ಣು ಮಿಟುಕಿಸದ ಗಟ್ಟಿ ಗುಂಡಿಗೆಯ ಪ್ರಾಣಿ ಎಂದು ಆಣೆ ಮಾಡಿ ಹೇಳಿದ್ದನಂತೆ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ನಾರಿಸ್‌ಗೆ ಹೆಮ್ಮೆ ಹಿಡಿಸಲಾರದಷ್ಟು. ಕಾರ್ಮಿಕರ ಕ್ಲಬ್ಬಿಗೆ ಅಂಗಿಯೊಳಗೆ ಇಟ್ಟುಕೊಂಡು ಹೋಗಿ, ತಾನು ಒಂದು ಕೂಗು ಹಾಕಿದರೆ ಸಾಕು ಮೇಯರ್ ಎಲ್ಲಿದ್ದರೂ ಓಡಿ ಬರುತ್ತಾನೆ ಎಂದು ಕೊಚ್ಚಿಕೊಂಡ. ಎಲ್ಲಿ, ಕರಿ ನೋಡೋಣ ಎಂದರು. ಮೇಜಿನ ಮೇಲೆ ಮೇಯರ್ ಮಲಗಿದ್ದ. ನಾರಿಸ್ ಕೂಗಿದ, ಶಿಳ್ಳೆ ಹಾಕಿದ, ಬಸ್ಸಿನ ಕೊನೆಯ ಟ್ರಿಪ್ಪಿನ ದನಿಯಲ್ಲಿ ಅಬ್ಬರಿಸಿದ. ಹಿಂದೆ ಯಾರೋ ಗ್ಲಾಸು ತುಂಬಿದ ತಟ್ಟೆಯನ್ನೇ ಕೆಡವಿದರು. ಮೇಯರ್ ಮಗ್ಗುಲು ಕೂಡ ಬದಲಿಸಲಿಲ್ಲ. ನೋಡಿದ್ರಾ ಧೈರ್ಯ ಎಂದ ನಾರಿಸ್. ಕ್ಲಬ್ಬಿನ ಸಿಡ್ ಎಂಬವನು, ಇದು ಸತ್ತಿರಬೇಕು ನೋಡು ಎಂದು ಹಿಂದಿನಿಂದ ಮುಟ್ಟಿದ. ಗಾಬರಿಯಿಂದ ಎದ್ದ ಮೇಯರ್ ಅವನ ಹೆಬ್ಬೆರಳನ್ನು ಕಚ್ಚಿ ಹಿಡಿದುಕೊಂಡ. ಅದನ್ನು ಬಿಡಿಸಲು ಅರ್ಧ ಕ್ಲಬ್ಬೇ ಸೇರಬೇಕಾಯಿತು.

ಮಾರನೆಯ ದಿನ ನನ್ನ ಮೀನಿನ ವ್ಯಾನಿನಲ್ಲೇ ನಾರಿಸ್, ಮೇಯರ್ ಇಬ್ಬರನ್ನೂ ದನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಮೇಯರನ ತಲೆಯ ಹಿಂದೆ ಚಪ್ಪಾಳೆ ತಟ್ಟಿದರು, ಕೀಲಿಕೈ ಗೊಂಚಲು ಅಲ್ಲಾಡಿಸಿದರು. ಹೀಗೆ ತಲೆಯ ಮೇಲೆ ಬಿಳಿ ಪಟ್ಟೆ ಇರುವ ಫೆರೆಟ್‌ಗಳಲ್ಲಿ ಎಷ್ಟೋ ಹುಟ್ಟು ಕಿವುಡು, ಇದಕ್ಕೆ ಏನೂ ಕೇಳಿಸುವುದಿಲ್ಲ ಎಂದರು. ಅವನು ನಿಮ್ಮನ್ನ ಲೆಕ್ಕಕ್ಕೆ ತಗೊಳ್ತಿಲ್ಲ ಅಷ್ಟೆ ಎಂದು ನಾರಿಸ್ ವಾದಿಸಿದ. ಡಾಕ್ಟರು ಇನ್ನೊಮ್ಮೆ ವಿವರಿಸಿದರು. ನಾರಿಸ್ ಸ್ವಲ್ಪ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸಿದ.

"ಅಂದ್ರೆ ಡಾಕ್ಟ್ರೇ, ಚಳಿಗಾಲದಿಂದ ನಾನು ಇವನಿಗೆ ಹೇಳಿದ್ದು..." ಎಂದ. "ಡೋರಿಸ್ ವಿಷಯ ಎಲ್ಲಾ ಹೇಳಿದ್ದೆ."

ಡಾಕ್ಟರು ಕಿಟಕಿಯ ಕಡೆ ನೋಡಿದರು. ನಾನು ನನ್ನ ಚೀಲದಲ್ಲಿ ಇಲ್ಲದ ಏನನ್ನೋ ಹುಡುಕಿದೆ. ಆಮೇಲೆ ಡಾಕ್ಟರು ಪಾಪ, ಬಹಳ ಹೊತ್ತು ಕೂತು ಹೇಳಿಕೊಟ್ಟರು. ಮಲಗಿದ್ದಾಗ ಹಿಂದಿನಿಂದ ಮುಟ್ಟಬಾರದು. ಮೊದಲು ಮೂಗಿನ ಹತ್ತಿರ ಮುಂಗೈ ಹಿಡಿದು ವಾಸನೆ ಕೊಡಬೇಕು, ಇಲ್ಲವೇ ಮೆಲ್ಲಗೆ ಉಸಿರು ಊದಿ ಎಬ್ಬಿಸಬೇಕು. ಕರೆಯಬೇಕೆಂದರೆ ನೆಲಕ್ಕೆ ಕಾಲಿನಿಂದ ಬಡಿಯಬೇಕು, ನೆಲ ನಡುಗಿದ್ದು ಅದರ ಪಾದಕ್ಕೆ ತಿಳಿಯುತ್ತದೆ.

ನಾರಿಸ್ ಅಂದಿನಿಂದಲೇ ಪಾಠ ಶುರುಮಾಡಿದ. ಕಂಡಕ್ಟರನ ಲೆಕ್ಕದಲ್ಲಿ ಎರಡು ಸಲ ಗಂಟೆ ಬಾರಿಸಿದರೆ ರೈಟ್, ಹೊರಡು. ಹಾಗಾಗಿ ಸಾಯಂಕಾಲ ಬೂಟುಗಾಲಿನಿಂದ ಎರಡು ಸಲ ನೆಲಕ್ಕೆ ಗುದ್ದುವುದು, ಮೇಯರ್ ಬಂದರೆ ಹಸಿ ಮೊಟ್ಟೆಯ ಹಳದಿ ಕೊಡುವುದು. ಒಂದು ವಾರದೊಳಗೆ ಮೇಯರ್ ಮನೆಯ ಯಾವ ಮೂಲೆಯಲ್ಲಿದ್ದರೂ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿಕೊಂಡು, ಅಡ್ಡಡ್ಡ ಕುಣಿಯುತ್ತ ಬರತೊಡಗಿದ. ನಾರಿಸ್ ಅವನಿಗೆ ಹೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕೇಳಿಸದಿದ್ದರೆ ಏನಂತೆ, ಮುಖ ನೋಡ್ತಾ ಕೂತಿರ್ತಾನಲ್ಲ ಎಂದು ನನಗೆ ಹೇಳಿದ. ಎಲ್ಲ ಸರಿ, ಆದರೆ ಈ ಪ್ರಾಣಿ ನನ್ನ ಅಂಗಡಿಗೆ ಕಾಲಿಟ್ಟ ದಿನ ಹಿಟ್ಟಿನಲ್ಲಿ ಅದ್ದಿ ಕರಿದುಬಿಡುತ್ತೇನೆ ಎಂದು ನಾನು ಎಚ್ಚರಿಸಿದೆ. ಆರೋಗ್ಯ ಇಲಾಖೆಯವರು ಬಂದರೆ ಉತ್ತರ ಹೇಳಬೇಕಾದವಳು ನಾನು.

ಇನ್ನು ಎಲ್ಸಿಯ ವಿಷಯ. ಹದಿನಾಲ್ಕನೆಯ ವಯಸ್ಸಿಗೆ ನೇಯ್ಗೆ ಗಿರಣಿಗೆ ಸೇರಿ, ಮಗ್ಗಗಳ ಆರ್ಭಟದಲ್ಲಿ ಕಿವಿ ಕಳೆದುಕೊಂಡವಳು. ನಮ್ಮೂರಿನ ನೇಕಾರ ಹೆಂಗಸರೆಲ್ಲ ಹಾಗೆಯೇ. ಆ ಗದ್ದಲದಲ್ಲಿ ಕೂಗಿ ಪ್ರಯೋಜನವಿಲ್ಲವೆಂದು ದನಿಯಿಲ್ಲದೆ ಬರೀ ತುಟಿಯಾಡಿಸಿ ಮಾತಾಡುವುದನ್ನು ಕಲಿತರು. ನನ್ನ ಅಮ್ಮನೂ ನೇಕಾರಳು, ಹಾಗಾಗಿ ನನಗೂ ಬರುತ್ತದೆ. ಎಲ್ಸಿಯೂ ನಾನೂ ಬೀದಿಯ ಆಚೆ ಈಚೆ ನಿಂತು ಇಡೀ ಊರಿನ ಚಾಡಿಯನ್ನು ಒಂದು ಸದ್ದೂ ಇಲ್ಲದೆ ಹೇಳಿ ಮುಗಿಸಬಲ್ಲೆವು. ನಾರಿಸ್‌ನ ಜೊತೆ ಮಾತ್ರ ಅವಳಿಗೆ ಮಾತು ಸಾಧ್ಯವಾಗಿರಲಿಲ್ಲ. ಆ ಮೀಸೆಯ ಹಿಂದೆ ತುಟಿ ಇದೆ ಎಂಬುದಕ್ಕೇ ಅವಳಿಗೆ ಸಾಕ್ಷಿ ಸಿಕ್ಕಿರಲಿಲ್ಲ.

ಈ ಸಾಲುಮನೆಗಳಲ್ಲಿ ಹಿಂದೆ ಇನ್ನೊಂದು ರೂಢಿ ಇತ್ತು. ಪ್ರತಿ ಮನೆಯ ಬೆಂಕಿಗೂಡೂ ಪಕ್ಕದ ಮನೆಯ ಬೆಂಕಿಗೂಡಿಗೆ ಬೆನ್ನು ಕೊಟ್ಟಿದೆ. ಸಾಯಂಕಾಲ ಬೆಂಕಿ ಕೆದಕುವ ಸಲಾಕೆಯಿಂದ ಗೂಡಿನ ಹಿಂಗೋಡೆಗೆ ಎರಡು ಬಡಿದರೆ, ನಾನಿದ್ದೇನೆ, ನೀನಿದ್ದೀಯಾ ಎಂದು ಅರ್ಥ. ಆಚೆಯವರು ತಿರುಗಿ ಎರಡು ಬಡಿದರೆ ಇದ್ದಾರೆ. ಬಡಿಯದಿದ್ದರೆ ಹೋಗಿ ನೋಡಬೇಕು. ಒಬ್ಬೊಬ್ಬರೇ ಸತ್ತು, ಗ್ಯಾಸಿನ ಒಲೆ ಬಂದು, ಗೂಡುಗಳಿಗೆ ಹಲಗೆ ಹೊಡೆದ ಮೇಲೆ ಅದೆಲ್ಲ ನಿಂತುಹೋಯಿತು. ಗುಡ್ಡದ ಮೇಲಿನ ಬಡಾವಣೆಯಿಂದ ಬಂದ ನಾರಿಸ್‌ಗೆ ಇದೊಂದೂ ಗೊತ್ತಿಲ್ಲ. ಆ ಬಡಾವಣೆಯಲ್ಲಿ ಗೋಡೆ ಬಡಿದರೆ ಬಾಯಿ ಮುಚ್ಚು ಎಂದು ಅರ್ಥ.

ಹೀಗಿರುವಾಗ ನಾರಿಸ್ ಸಾಯಂಕಾಲ ಎರಡು ಗುದ್ದಿದ. ಎಲ್ಸಿಯ ಪಾದಕ್ಕೆ ನಡುಕ ತಾಗಿತು. ಅವಳು ಎದ್ದು ಸಲಾಕೆ ಹುಡುಕಿ ತಿರುಗಿ ಎರಡು ಬಡಿದಳು. ಕಿವಿ ಕೇಳದವಳಿಗೆ ಎಷ್ಟು ಜೋರಾಗಿ ಬಡಿದೆ ಎಂಬ ಅಂದಾಜು ಎಲ್ಲಿಂದ ಬರಬೇಕು? ನಾರಿಸ್‌ನ ಶೆಲ್ಫಿನಿಂದ ಡೋರಿಸಳ ಮದುವೆಯ ಕಾಲದ ಚಹಾಪಾತ್ರೆ ಉರುಳಿಬಿತ್ತು.

ಮಾರನೆಯ ದಿನ ನಾರಿಸ್ ನನ್ನ ಅಂಗಡಿಗೆ ಬಂದು, ಪಕ್ಕದ ಮುದುಕಿ ತನ್ನ ಮೇಲೆ ಯುದ್ಧ ಸಾರಿದ್ದಾಳೆ ಎಂದು ವರದಿ ಒಪ್ಪಿಸಿದ. ತಾನು ಸುಮ್ಮನಿರುವವನಲ್ಲ, ಇವತ್ತು ಇನ್ನೂ ಜೋರಾಗಿ ಗುದ್ದುತ್ತೇನೆ ಎಂದ. ಗುದ್ದಿದ. ಅವಳೂ ಅಷ್ಟೇ ಜೋರಾಗಿ ಉತ್ತರ ಕೊಟ್ಟಳು. ಅದರ ಮಾರನೆಯ ದಿನ ಎಲ್ಸಿ ಬಂದು, ಆ ಹೊಸಬರು ಎಷ್ಟು ಮನಸ್ಸಿಟ್ಟು ವಿಚಾರಿಸುತ್ತಾರೆ, ದಿನದಿಂದ ದಿನಕ್ಕೆ ಜೋರಾಗುತ್ತಿದೆ ಎಂದು ತುಟಿಯಲ್ಲೇ ಹೇಳಿ ನಾಚಿಕೊಂಡಳು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು, ನಾನು ನಡುವೆ ನಿಂತು ಮೀನು ಕಟ್ಟಿದೆ.

ನನಗೆ ವಿಷಯ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೇಳಿಬಿಟ್ಟರೆ ಒಂದು ನಿಮಿಷದ ಕೆಲಸ. ಆದರೆ ಎಲ್ಸಿ ಪೆಟ್ಟಿಗೆಯಿಂದ ನೀಲಿ ಸ್ಕಾರ್ಫ್ ಹೊರತೆಗೆದಿದ್ದಳು. ಹೇಳಿದ ಮೇಲೆ ಅವಳ ಮುಖ ನೋಡುವವರು ಯಾರು? ನಾರಿಸ್‌ಗೆ ಮಾತ್ರ, ಅದು ಜಗಳದ ಬಡಿತ ಅಲ್ಲದೆಯೂ ಇರಬಹುದಪ್ಪ ಎಂದು ಸುಳಿವು ಕೊಟ್ಟೆ. ನಿನಗೆ ಹೆಂಗಸರ ಸ್ವಭಾವ ಗೊತ್ತಿಲ್ಲ ವಿನ್ನಿ ಎಂದು ಅವನು ನನಗೇ ಬುದ್ಧಿ ಹೇಳಿದ.

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತಾರಲ್ಲ, ಮೇಯರ್ ಆ ಮೂರನೆಯವನು. ನೆಲ ನಡುಗಿದರೆ ಊಟ ಎಂದು ಕಲಿತವನಿಗೆ ಯಾವ ನೆಲವಾದರೇನು? ಬೆಂಕಿಗೂಡಿನ ಪಕ್ಕದ ಕಪಾಟಿನ ಕೆಳಗೆ ಇಟ್ಟಿಗೆ ಸಡಿಲವಾಗಿತ್ತು. ನಾರಿಸ್ ಗುದ್ದಿದರೆ ಇತ್ತ ಬಂದು ಮೊಟ್ಟೆ, ಎಲ್ಸಿ ಬಡಿದರೆ ಅತ್ತ ಹೋಗಿ ಬೋಟಿ. ಎಲ್ಸಿಯ ಗಂಡ ಹ್ಯಾರಿಯೂ ಫೆರೆಟ್ ಸಾಕಿದವನು, ಅವಳಿಗೆ ಹೆದರಿಕೆಯೇನಿಲ್ಲ. ನೆರೆಯವರು ದಿನಾ ತನ್ನ ಯೋಗಕ್ಷೇಮ ನೋಡಿ ಬರಲು ಫೆರೆಟ್ಟನ್ನು ಕಳಿಸುತ್ತಾರೆ ಎಂದೇ ಅವಳು ತಿಳಿದಳು. ಮೇಯರ್ ಬರಿಗೈಯಲ್ಲೂ ಹೋಗುತ್ತಿರಲಿಲ್ಲ. ಸಿಕ್ಕಿದ್ದನ್ನು ಬಚ್ಚಿಡುವುದು ಫೆರೆಟ್ಟಿನ ಜಾತಿಬುದ್ಧಿ. ಒಂದು ದಿನ ನಾರಿಸ್‌ನ ಕಾಲುಚೀಲ, ಇನ್ನೊಂದು ದಿನ ಅವನ ಕಂಡಕ್ಟರ್ ಬಿಲ್ಲೆ. ನಾರಿಸ್ ತನಗೆ ಅರಳು ಮರಳು ಶುರುವಾಯಿತೆಂದು ಹೆದರಿ ದಿಂಬಿನ ಕೆಳಗೆಲ್ಲ ಹುಡುಕಿದ. ಮೇಯರ್ ಹಲಸಿನಕಾಯಿಯ ಹಾಗೆ ಊದಿಕೊಂಡ. ಬಸುರಿರಬೇಕು ಎಂದು ಕ್ಲಬ್ಬಿನವರು ಹೇಳಿದರು. ಗಂಡು ಪ್ರಾಣಿ ಎಂಬುದು ಅವರ ಗಮನಕ್ಕೆ ಬರಲಿಲ್ಲ.

ಮುದುಕಿಯ ಗದ್ದಲಕ್ಕೆ ಹೆದರಿ ಮೇಯರ್ ಪ್ರತಿದಿನ ಮಾಯವಾಗುತ್ತಾನೆ ಎಂಬುದು ನಾರಿಸ್‌ನ ತೀರ್ಮಾನ. ಕಿವುಡು ಪ್ರಾಣಿ ಗದ್ದಲಕ್ಕೆ ಹೇಗೆ ಹೆದರುತ್ತದೆ ಎಂದು ಕೇಳಿದೆ. ಅದೆಲ್ಲ ನಿನಗೆ ತಿಳಿಯಲ್ಲ ಎಂದವನು ನೇರವಾಗಿ ಪುರಸಭೆಗೆ ಹೋಗಿ ದೂರು ಕೊಟ್ಟುಬಿಟ್ಟ.

ಪುರಸಭೆಯಿಂದ ಚೀತಮ್ ಎಂಬ ಎಳೆಯ ಅಧಿಕಾರಿ ಸದ್ದು ಅಳೆಯುವ ಯಂತ್ರ ಹಿಡಿದುಕೊಂಡು ಬಂದರು. ಅದನ್ನು ನಾರಿಸ್‌ನ ಮುಂದಿನ ಕೋಣೆಯಲ್ಲಿ ಇಟ್ಟು ಹೋಗಿ, ವಾರ ಬಿಟ್ಟು ತಿರುಗಿ ಬರುವುದೆಂದು ಗೊತ್ತಾಯಿತು. ಬರುವ ದಿನ ನಾರಿಸ್ ದೊಡ್ಡ ಮನುಷ್ಯನ ಹಾಗೆ ಕಾಣಬೇಕೆಂದು ಕ್ಷೌರಿಕನ ಹತ್ತಿರ ಹೋಗಿ ಮೀಸೆಯನ್ನು ಪೂರ್ತಿ ತೆಗೆಸಿಕೊಂಡು ಬಂದ. ಮೀಸೆಯಿಲ್ಲದ ಅವನ ಮುಖ, ಚಿತ್ರ ತೆಗೆದ ಮೇಲೆ ಗೋಡೆಯಲ್ಲಿ ಉಳಿಯುತ್ತದಲ್ಲ ಆ ಜಾಗದ ಹಾಗೆ ಬೆಳ್ಳಗಿತ್ತು.

ಚೀತಮ್ ಯಂತ್ರ ಪರೀಕ್ಷಿಸಿ ಕೆಮ್ಮಿದರು. ಇಲ್ಲಿ ದಾಖಲಾದ ಸದ್ದೆಲ್ಲ ಬಹುಪಾಲು ತಮ್ಮದೇ ಗಂಟಲಿನದು ಸ್ವಾಮಿ ಎಂದರು. ಯಾರೋ ಡೋರಿಸ್ ಎಂಬವರ ವಿಷಯ ಗಂಟೆಗಟ್ಟಲೆ ಇದೆ, ಅದನ್ನು ಅಳಿಸಿಬಿಡುತ್ತೇನೆ ಎಂದು ತಲೆ ತಗ್ಗಿಸಿ ಹೇಳಿದರು. ನಾರಿಸ್‌ನ ಮುಖ ಕೆಂಪಾಯಿತು. ಅದಿರ್ಲಿ, ಆ ಕಡೆ ಬನ್ನಿ, ಅಸಲು ಅಪರಾಧಿ ತೋರಿಸ್ತೀನಿ ಎಂದು ಹೊರಟ. ಮುದುಕಿಗೆ ಕಿವಿ ಕೇಳಿಸುವುದಿಲ್ಲವೆಂದು ದುಭಾಷಿಯಾಗಿ ನನ್ನನ್ನೂ ಎಳೆದುಕೊಂಡು ಹೋದರು. ಬಾಣಲೆ ಇಳಿಸಿ ಹೋದೆ.

ಎಲ್ಸಿ ನೀಲಿ ಸ್ಕಾರ್ಫ್ ಕಟ್ಟಿಕೊಂಡೇ ಬಾಗಿಲು ತೆಗೆದಳು. ಮೇಜಿನ ಮೇಲೆ ಒಳ್ಳೆಯ ಕಪ್ಪುಗಳು, ಎರಡು. ಬೆಂಕಿಗೂಡಿನ ಮೇಲೆ ಅಚ್ಚುಕಟ್ಟಾಗಿ ಹೊಲಿದು ಮಡಿಸಿದ ಒಂದು ಕಾಲುಚೀಲ, ಫಳಫಳ ಉಜ್ಜಿದ ಕಂಡಕ್ಟರ್ ಬಿಲ್ಲೆ. ಅವಳು ಹೋಗಿ ಕುರ್ಚಿಯಲ್ಲಿ ಕೂತು, ಮೇಯರನನ್ನು ಮಡಿಲಿಗೆ ಎಳೆದುಕೊಂಡಳು. ಅವನು ಹೊಟ್ಟೆ ಮೇಲೆ ಮಾಡಿ ನಿದ್ದೆ ಮುಂದುವರಿಸಿದ. ನಾರಿಸ್ ಬಾಗಿಲಲ್ಲೇ ಬಾಯಿ ತೆರೆದು ನಿಂತ.

ಚೀತಮ್ ಸದ್ದಿನ ದೂರಿನ ಬಗ್ಗೆ ಗಂಟಲು ಹರಿಯುವ ಹಾಗೆ ಕೂಗಿದರು. ಎಲ್ಸಿ ನಕ್ಕಳು. "ಕೂಗ್ಬೇಡಪ್ಪ. ನಿನ್ನ ತುಟಿ ಸ್ಪಷ್ಟವಾಗಿದೆ" ಎಂದಳು. ಪಾಪ, ಅವರು ಕಿವಿಯವರೆಗೂ ಕೆಂಪಾದರು. ದುಭಾಷಿಯ ಕೆಲಸ ಅಷ್ಟಕ್ಕೇ ಮುಗಿಯಿತು.

"ಹೌದು, ಬಡೀತೀನಿ" ಎಂದಳು ಎಲ್ಸಿ ತನ್ನ ದೊಡ್ಡ ದನಿಯಲ್ಲಿ. "ಇವರು ದಿನಾ ಸಾಯಂಕಾಲ ಎರಡು ಬಡಿದು ಇದ್ದೀಯಾ ಅಂತ ಕೇಳ್ತಾರೆ. ನಮ್ಮ ಹ್ಯಾರಿ ಹೋದ್ಮೇಲೆ ಈ ಗೋಡೇಲಿ ಯಾರೂ ಕೇಳಿರ್ಲಿಲ್ಲ. ನನ್ನ ಕಿವಿ ಸತ್ತಿದೆ, ಪಾದ ಸತ್ತಿಲ್ಲ. ಇದ್ದೀನಿ ಅಂತ ನಾನೂ ತಿರುಗಿ ಬಡೀತೀನಿ. ಅದಕ್ಕೂ ಕಾನೂನು ಬಂದಿದ್ಯಾ?"

ಚೀತಮ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆಗ ನಾರಿಸ್ ಮುಂದೆ ಬಂದು ಚೀತಮರ ಕಿವಿಯ ಹತ್ತಿರ ಬಗ್ಗಿದ. ಜೀವಮಾನದಲ್ಲಿ ಎಂದೂ ಪಿಸುಗುಟ್ಟಿದವನಲ್ಲ. ದನಿ ಹೊರಬೀಳದಂತೆ ಒಂದೊಂದು ಅಕ್ಷರವನ್ನೂ ತುಟಿಯಲ್ಲೇ ಅಗೆದು ಅಗೆದು ಹೇಳಿದ.

"ಆಯಮ್ಮನ್ನ ಯಾರು ಕೇಳಿದ್ರು ಸಾರ್? ನಾನು ಕರೀತಿದ್ದದ್ದು ಫೆರೆಟ್ನ."

ಊರಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ನೇಕಾರ ಹೆಂಗಸಿನ ಎದುರು ಕೂಗಿದರೆ ಗುಟ್ಟು ಉಳಿದೀತು, ಪಿಸುಗುಟ್ಟಿದರೆ ಉಳಿಯುವುದಿಲ್ಲ. ಬೋಳಿಸಿದ ಆ ಬಾಯಿಯಿಂದ ಎಲ್ಸಿ ಮೊದಲ ಸಲ ಓದಿದ ಮಾತು ಅದು.

ಅವಳು ಮೇಯರನ ಮೂಗಿಗೆ ಮುಂಗೈ ಹಿಡಿದು, ಅವನು ಎಚ್ಚರವಾಗುವವರೆಗೆ ಕಾದು, ಎತ್ತಿ ನಾರಿಸ್‌ನ ಕೈಗೆ ಕೊಟ್ಟಳು. ಮೇಲೆ ಕಾಲುಚೀಲ, ಅದರ ಮೇಲೆ ಬಿಲ್ಲೆ. ಆಮೇಲೆ ಮೇಜಿನ ಹತ್ತಿರ ಹೋಗಿ ಎರಡನೆಯ ಕಪ್ಪನ್ನು ತೆಗೆದು ಕಪಾಟಿನಲ್ಲಿಟ್ಟಳು. ನಾವು ಮೂವರೂ ಒಬ್ಬರ ಹಿಂದೆ ಒಬ್ಬರು ಹೊರಗೆ ಬಂದೆವು. ಬಾಗಿಲು ಮುಚ್ಚಿತು. ಯಂತ್ರವನ್ನು ಯಾವಾಗ ಬೇಕಾದರೂ ಮತ್ತೆ ತರಬಹುದು ಎಂದು ಚೀತಮ್ ಹೇಳಿದರು, ಹೇಳಿದ ಮೇಲೆ ಅವರಿಗೇ ಬೇಜಾರಾಯಿತು.

ಆ ದಿನದಿಂದ ಬಡಿತ ನಿಂತಿತು. ನಾರಿಸ್ ಇಟ್ಟಿಗೆಯ ಸಂದಿಗೆ ಹಲಗೆ ಒರಗಿಸಿದ. ಮೊದಲ ದಿನ, ಈಗ ನೆಮ್ಮದಿ ಎಂದ. ಎರಡನೆಯ ದಿನ ಮೀನು ಕಟ್ಟಿಸಿಕೊಂಡು ಸೀದಾ ಹೋದ. ಮೂರನೆಯ ದಿನ ಬಂದು, ಮೇಯರ್ ಮೊಟ್ಟೆ ಮುಟ್ಟುತ್ತಿಲ್ಲ, ಗೋಡೆಗೆ ಮೈ ಒತ್ತಿಕೊಂಡು ಕೂತೇ ಇರುತ್ತಾನೆ ಎಂದ. ಮೀನಿನ ಪೊಟ್ಟಣ ಕೈಗೆ ಬಂದರೂ ಹೋಗಲಿಲ್ಲ.

"ಅವರು ಇದ್ದಾರಾ ವಿನ್ನಿ?" ಎಂದು ಕೇಳಿದ.

ಗೋಡೆ ನಿನ್ನದು, ನೀನೇ ಕೇಳು ಎಂದೆ. ರೂಢಿಯನ್ನು ವಿವರಿಸಿ, ನನ್ನ ಹಳೆಯ ಒಲೆಯ ಸಲಾಕೆಯನ್ನೂ ಕೊಟ್ಟೆ. ಅವನು ಗೂಡಿಗೆ ಹೊಡೆದ ಹಲಗೆ ಕಿತ್ತು, ಮಂಡಿಯೂರಿ ಕೂತು ಎರಡು ಬಡಿದ. ಉತ್ತರ ಬರಲಿಲ್ಲ. ಮಾರನೆಯ ದಿನವೂ ಬಡಿದ. ಎಲ್ಸಿಗೆ ತಿಳಿಯದೆ ಏನಿಲ್ಲ. ನಾನು ಬೀದಿಯ ಈಚೆಯಿಂದ ತುಟಿಯಲ್ಲಿ ಕೇಳಿದಾಗ, ಇನ್ನೂ ಸ್ವಲ್ಪ ದಿನ ಬಡೀಲಿ ಎಂದು ಅವಳೂ ತುಟಿಯಲ್ಲೇ ಹೇಳಿ ಪರದೆ ಎಳೆದಳು.

ನಾರಿಸ್ ಅವಳ ಕಿಟಕಿಯ ಮುಂದೆ ನಿಂತು ದನಿಯಿಲ್ಲದೆ ಮಾತಾಡಲು ಹೊರಟ. ಕಲಿಯದ ವಿದ್ಯೆ. ಬಾಯಿ ಒಂದು ಕಡೆ, ಹುಬ್ಬು ಒಂದು ಕಡೆ ಹೋಗುತ್ತಿತ್ತು. ಅಂಚೆಯವನು ನೋಡಿ, ಇವರಿಗೆ ಲಕ್ವ ಹೊಡೆದಿದೆ ಎಂದು ಆಂಬುಲೆನ್ಸ್ ಕರೆಸಿಬಿಟ್ಟ. ಆ ಸುದ್ದಿ ಕಡಲತೀರದ ಮೋರ್ಕಮ್‌ನಲ್ಲಿದ್ದ ಅವನ ಅಕ್ಕ ಮ್ಯೂರಿಯಲ್‌ಳ ಕಿವಿಗೆ ಬಿತ್ತು.

ಮ್ಯೂರಿಯಲ್ ಬಿಳಿ ಕೋಟು ಹಾಕಿಕೊಂಡು ಕಾರಿನಲ್ಲಿ ಬಂದಳು. ಬರುವ ಹೊತ್ತಿಗೆ ತಮ್ಮ ನಾರಿಸ್ ಬೆಂಕಿಯಿಲ್ಲದ ಗೂಡಿನ ಮುಂದೆ ಮಂಡಿಯೂರಿ ಸಲಾಕೆಯಿಂದ ಬಡಿಯುತ್ತಿದ್ದ, ಪಕ್ಕದಲ್ಲಿ ಮೇಯರ್ ಮೇಸ್ತ್ರಿಯ ಹಾಗೆ ಕೂತು ನೋಡುತ್ತಿದ್ದ. ಒಬ್ಬನೇ ಇದ್ದು ಇದ್ದು ಹೀಗಾಗಿದೀಯ ಕಣೋ ಎಂದು ಅವಳು ಅತ್ತಳು. ಶನಿವಾರ ಬಂದು ಕರೆದುಕೊಂಡು ಹೋಗುತ್ತೇನೆ, ಸಮುದ್ರದ ಗಾಳಿ ಇದೆ, ಒಂದು ಕೋಣೆ ಖಾಲಿ ಇದೆ, ಆದರೆ ನೆಲಕ್ಕೆ ಬಿಳಿ ರತ್ನಗಂಬಳಿ ಹಾಸಿದೆ, ಈ ಪ್ರಾಣಿ ಬರುವ ಹಾಗಿಲ್ಲ ಎಂದಳು.

ನಾರಿಸ್ ಒಪ್ಪಿಕೊಂಡ. ಮೇಯರನನ್ನು ನೀನು ಇಟ್ಟುಕೊಳ್ಳುತ್ತೀಯಾ ಎಂದು ನನ್ನನ್ನು ಕೇಳಿದ. ತಿನ್ನುವ ಪದಾರ್ಥದ ಅಂಗಡಿ, ಹೇಗೆ ಸಾಧ್ಯ? ಕೊನೆಗೆ ಕ್ಲಬ್ಬಿನ ಸಿಡ್ ಮೊಲ ಹಿಡಿಯಲು ಬೇಕು ಎಂದು ಮುಂದೆ ಬಂದ. ಮಲಗಿದವನನ್ನು ಹಿಂದಿನಿಂದ ಮುಟ್ಟಿದ್ದನಲ್ಲ, ಅದೇ ಸಿಡ್.

"ಉಸಿರು ಊದಿ ಎಬ್ಬಿಸ್ಬೇಕು ಅಂತ ಹತ್ತು ಸಲ ಹೇಳಿದ್ದೀನಿ" ಎಂದ ನಾರಿಸ್. "ಅವನು ನಗ್ತಾನೆ, ವಿನ್ನಿ."

ಹಾಗಾದರೆ ಹೋಗಬೇಡ ಎಂದೆ. ಇಲ್ಲಿ ಯಾರಿದ್ದಾರೆ ಎಂದು ಅವನು ಕೇಳಿದ. ನಾನು ಅವನ ಮೀನಿಗೆ ಉಪ್ಪು ಉದುರಿಸುತ್ತಿದ್ದೆ. ಏನೋ ಹೇಳೋಣ ಎನ್ನಿಸಿತು. ಬಾಣಲೆ ಸಿಡಿಯಿತು, ಅತ್ತ ತಿರುಗಿದೆ. ತಿರುಗಿ ನೋಡಿದಾಗ ಅವನು ಹೋಗಿದ್ದ.

ಶನಿವಾರ ಬೀದಿಯವರೆಲ್ಲ ಹೊರಗೆ ನಿಂತಿದ್ದರು. ಮ್ಯೂರಿಯಲ್ ಒಳಗೆ ಪೆಟ್ಟಿಗೆ ಕಟ್ಟುತ್ತಿದ್ದಳು. ಸಿಡ್ ತೂತು ಕೊರೆದ ಮರದ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಮೇಯರ್ ಮಾತ್ರ ಇಲ್ಲ. ಸಂದಿಗೆ ಒರಗಿಸಿದ ಹಲಗೆ ಉರುಳಿ ಬಿದ್ದಿತ್ತು. ನಾರಿಸ್ ಎರಡು ಗುದ್ದಿದ. ಬರಲಿಲ್ಲ. ಮತ್ತೆ ಎರಡು. ಬೂಟಿನ ಹಿಮ್ಮಡಿ ಕಿತ್ತುಬಂತು. ಅವನು ಬೀದಿಗೆ ಬಂದು, ಮಗು ಕಳೆದುಕೊಂಡವನ ಹಾಗೆ ಅತ್ತ ಇತ್ತ ನೋಡಿದ. "ಅವನಿಗೊಂದು ಮಾತು ಹೇಳಿ ಹೋಗ್ಬೇಕಿತ್ತು" ಎಂದ ನನಗೆ. ದನಿ ಅರ್ಧಕ್ಕೇ ನಿಂತಿತು, ತುಟಿ ಮಾತ್ರ ಆಡಿತು.

ಎಲ್ಸಿಯ ಕಿಟಕಿಯ ಪರದೆ ಅಲ್ಲಾಡಿತು. ಬಾಗಿಲು ತೆರೆಯಿತು. ನೀಲಿ ಸ್ಕಾರ್ಫಿನೊಳಗೆ ಸುತ್ತಿದ ಮೇಯರನನ್ನು ಎದೆಗೆ ಒತ್ತಿಕೊಂಡು ಅವಳು ಹೊಸ್ತಿಲಲ್ಲಿ ನಿಂತಳು. ಮಗ್ಗದ ಶೆಡ್ಡಿನಲ್ಲಿ ಬೆಳೆದ ಗಂಟಲು, ಬೀದಿಯ ಆ ತುದಿಗೂ ಕೇಳಿಸಿತು.

"ಮೇಯರು ನನ್ನ ಹತ್ರ ಇದ್ದಾರೆ. ಬೇಕಿದ್ರೆ ಒಳಗೆ ಹೋಗಿ ಸಲಾಕೆ ತಗೊಂಡು ಸರಿಯಾಗಿ ಬಡೀರಿ. ಕಾಲಲ್ಲಿ ತಟ್ಟಿ ಕರೆದ್ರೆ ಬರೋಕೆ ನಾನೇನು ಫೆರೆಟ್ ಅಲ್ಲ."

ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು.

ನಾರಿಸ್ ಹಿಮ್ಮಡಿ ಕಿತ್ತ ಬೂಟಿನಲ್ಲೇ ಒಳಗೆ ಓಡಿದ. ನಾವೂ ಹಿಂದೆ ಹೋದೆವು. ಮ್ಯೂರಿಯಲ್ ಗೂಡಿನ ಪಕ್ಕದಲ್ಲೇ ಪೆಟ್ಟಿಗೆ ಮುಚ್ಚುತ್ತ, ಇನ್ನು ಈ ಹುಚ್ಚಾಟ ಸಾಕು ಎಂದಳು. ಅವನು ಮಂಡಿಯೂರಿ ಎರಡು ಬಡಿದ. ಆಚೆಯಿಂದ ಏನೂ ಇಲ್ಲ. ಅವನು ಸಲಾಕೆಯನ್ನು ಕೆಳಗಿಡುತ್ತಿದ್ದ ಹಾಗೆ ಎರಡು ಬಡಿತ ಬಂತು ನೋಡಿ, ಚಿಮಣಿಯಲ್ಲಿ ವರ್ಷಗಳಿಂದ ಕೂತಿದ್ದ ಮಸಿಯೆಲ್ಲ ಒಂದೇ ಸಲಕ್ಕೆ ಇಳಿದು ಮ್ಯೂರಿಯಲ್‌ಳ ಬಿಳಿ ಕೋಟಿನ ಮೇಲೆ ಕೂತಿತು. ಆ ಮಸಿಯ ನಡುವಿನಿಂದ ಮೇಯರ್ ಅಡ್ಡಡ್ಡ ಕುಣಿಯುತ್ತ ಬಂದ. ಬಾಯಲ್ಲಿ ನೀಲಿ ಸ್ಕಾರ್ಫ್ ಇತ್ತು.

ನಾರಿಸ್ ಮೋರ್ಕಮ್‌ಗೆ ಹೋಗಲಿಲ್ಲ. ಸಿಡ್‌ನ ಡಬ್ಬಿಯಲ್ಲಿ ಅವನ ಹೆಂಡತಿ ಈರುಳ್ಳಿ ಇಡುತ್ತಾಳೆ ಎಂದು ಕೇಳಿದ್ದೇನೆ. ನಾರಿಸ್, ಎಲ್ಸಿ ಇಬ್ಬರೂ ಒಬ್ಬರ ಮನೆಗೆ ಒಬ್ಬರು ಹೋಗುವುದೂ ಇಲ್ಲ, ಕೂತು ಮಾತಾಡುವುದೂ ಇಲ್ಲ. ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲವಂತೆ. ಮೀಸೆ ಮಾತ್ರ ಅವನು ಮತ್ತೆ ಬಿಟ್ಟಿಲ್ಲ. ಸಾಯಂಕಾಲ ಇತ್ತಿಂದ ಎರಡು, ಅತ್ತಿಂದ ಎರಡು. ನಾನು ಅಂಗಡಿಯಲ್ಲಿ ಬಾಣಲೆ ತಿಕ್ಕುತ್ತ ಎರಡನ್ನೂ ಕೇಳುತ್ತೇನೆ.

ನನ್ನದು ಸಾಲಿನ ಕೊನೆಯ ಮನೆ. ಒಂದು ಪಕ್ಕ ನಾರಿಸ್, ಇನ್ನೊಂದು ಪಕ್ಕ ರಸ್ತೆ. ಹೋದ ತಿಂಗಳು ಒಂದು ಸಾಯಂಕಾಲ, ಅವರಿಬ್ಬರದೂ ಮುಗಿದ ಮೇಲೆ, ಏನನ್ನಿಸಿತೋ ಏನೋ, ಜಾಲರಿ ಸೌಟು ತೆಗೆದುಕೊಂಡು ನಾರಿಸ್‌ನ ಕಡೆಯ ಗೋಡೆಗೆ ಎರಡು ಬಡಿದೆ. ಬಡಿದು ಕಿವಿಗೊಟ್ಟು ನಿಂತೆ. ಬಹಳ ಹೊತ್ತು ನಿಂತೆ.

ಮಾರನೆಯ ದಿನ ನಾರಿಸ್ ಮೀನಿಗೆ ಬಂದವನು ಹೊರಡುವಾಗ ತಿರುಗಿ ನಿಂತ. "ವಿನ್ನಿ, ನಿನ್ನೆ ಏನೋ ಬಡೀತಿದ್ಯಲ್ಲ. ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ. ಮೇಯರ್ ಮಲಗಿರ್ತಾನೆ" ಎಂದ.

ಕ್ಯಾಲೆಂಡರ್‌ಗೆ ಮೊಳೆ ಹೊಡೀತಿದ್ದೆ ಎಂದೆ. ಸರಿ ಸರಿ ಎಂದು ಹೋದ.

ಅಂದು ಸಾಯಂಕಾಲ ಅಂಗಡಿ ಮುಚ್ಚಿ, ದೀಪ ಸಣ್ಣದು ಮಾಡಿ ಸುಮ್ಮನೆ ಕೂತೆ. ಕೂತಲ್ಲಿಂದಲೇ ಮರದ ಸೌಟಿನ ಹಿಡಿಯಿಂದ ಗೋಡೆಗೆ ಎರಡು ತಟ್ಟಿದೆ. ನಾರಿಸ್‌ನ ಕಿವಿಗೆ ಬೀಳದಷ್ಟು ಮೆಲ್ಲಗೆ. ಅವನಿಗೆ ಕೇಳಿಸಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಟ್ಟಿನ ಮೂಟೆಗಳ ಹಿಂದೆ, ಗೋಡೆಯ ಬುಡದಲ್ಲಿ ಏನೋ ಸರಬರ ಎಂದಿತು. ನನ್ನ ಕಣಕಾಲಿಗೆ ಒದ್ದೆ ಮೂಗೊಂದು ತಾಗಿತು. ಮೂತಿಯೆಲ್ಲ ಹಿಟ್ಟು ಮೆತ್ತಿಕೊಂಡು ಮೇಯರ್ ನಿಂತಿದ್ದ.

ಅಂಗಡಿಗೆ ಕಾಲಿಟ್ಟರೆ ಕರಿಯುತ್ತೇನೆ ಎಂದು ಹೇಳಿದವಳು ನಾನೇ. ಮುಂಗೈ ಕೆಳಗೆ ಹಿಡಿದೆ, ಅವನು ಮೂಸಿ ನೋಡಿದ. ಉಳಿದಿದ್ದ ಮೀನಿನ ಬಾಲದ ತುಂಡೊಂದನ್ನು ಮುರಿದು, ಊದಿ ಆರಿಸಿ, ಉಪ್ಪು ವಿನಿಗರ್ ಹಾಕದೆ ಅವನ ಮುಂದಿಟ್ಟೆ.